ಪೋಸ್ಟ್ ಬೇಸಿಕ್ ನರ್ಸಿಂಗ್ ಸೀಟಿನ ಲಿಸ್ಟ್ ಯಾವಾಗ? ಒಂದು ತಾರೀಖು ಹೇಳ್ರಿ

ಸಂಪಾದಕರಿಗೆ ನಮಸ್ಕಾರ ರೀ,

ನಾನು ಗಂಗಾವತಿ ಕಡೆಯಾಕಿ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ನರ್ಸಿಂಗ್ ಕೌನ್ಸಿಲಿನ್ಯಾಗ ರಿಜಿಸ್ಟ್ರೇಷನ್ ಮಾಡಿಸ್ಕೊಂಡು, ಒಂದು ಪ್ರೈವೇಟ್ ಆಸ್ಪತ್ರಿ ಐಸಿಯುನ್ಯಾಗ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಾಕತ್ತೀನಿ. ಈ ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗಿಗೆ ಅರ್ಜಿ ಹಾಕೀನಿ. ಫೀ ಕಟ್ಟೀನಿ, ಕಾಗದಪತ್ರ ಎಲ್ಲಾ ತೋರಿಸಿ ಬಂದೀನಿ, ಸರಿ ಅದಾವ ಅಂತ ಅವ್ರೂ ಒಪ್ಪ್ಯಾರ. ಆದ್ರ ಸೀಟ್ ಯಾರಿಗೆ ಸಿಕ್ಕೈತಿ ಅನ್ನೋ ಲಿಸ್ಟ್ ಮಾತ್ರ ಇನ್ನೂ ಬಂದಿಲ್ಲ. ಯಾವಾಗ ಬರ್ತೈತ್ರಿ ಅಂತ ಫೋನ್ ಹಚ್ಚಿ ಕೇಳಿದ್ರ ವೆಬ್‌ಸೈಟ್ ನೋಡ್ತಿರ್ರಿ ಅಂತಾರ, ವೆಬ್‌ಸೈಟ್ ತೆಗೆದು ನೋಡಿದ್ರ ಶೀಘ್ರದಲ್ಲೇ ಪ್ರಕಟಿಸಲಾಗುವುದು ಅಂತ ಒಂದು ಸಾಲು ಐತಿ, ಅದು ಅರ್ಜಿ ಹಾಕಿದಾಗಿಂದ ಹಂಗೇ ಐತಿ. ಅಲ್ಲೊಂದು ತಾರೀಖು ಹಾಕ್ರಿ ಅಂತ ಸಂಬಂಧಪಟ್ಟೋರಿಗೆ ಎಲ್ಲಾರ ಎದುರಿಗೆ ಕೇಳಬೇಕಾಗೈತಿ, ಅದಕ್ಕ ನಿಮ್ಮ ಪೇಪರಿಗೆ ಬರದೀನಿ.

ಪೋಸ್ಟ್ ಬೇಸಿಕ್ ಅಂದ್ರ ಏನು ಅಂತ ಭಾಳ ಜನಕ್ಕ ಗೊತ್ತಿರಂಗಿಲ್ಲ, ನಮ್ಮ ಮನ್ಯಾಗೂ ಎಷ್ಟು ಸಲ ಹೇಳಿದ್ರೂ ನೀ ಆಗ್ಲೇ ನರ್ಸ್ ಅಲ್ಲೇನ ಮತ್ತೇನ ಓದತಿ ಅಂತಾರ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಿಯುಸಿಯೊಳಗ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದೋರು ಸೀದಾ 4 ವರ್ಷದ ಬಿಎಸ್ಸಿ ನರ್ಸಿಂಗಿಗೆ ಹೋಗ್ತಾರ. ಆರ್ಟ್ಸ್, ಕಾಮರ್ಸ್ ಓದಿದೋರಿಗೆ ಆ ಬಾಗಿಲು ಮುಚ್ಚೈತಿ. ಅವ್ರಿಗೆ ಇರೋದು 3 ವರ್ಷದ ಜಿಎನ್‌ಎಂ, ಅದಕ್ಕ ಯಾವ ವಿಭಾಗದಾಗ ಪಿಯುಸಿ ಪಾಸಾಗಿದ್ರೂ ನಡಿತೈತಿ. ಆ ಜಿಎನ್‌ಎಂ ಮುಗಿಸಿ ಕೌನ್ಸಿಲಿನ್ಯಾಗ ಹೆಸರು ನೋಂದಾಯಿಸ್ಕೊಂಡೋರು ಮತ್ತ 2 ವರ್ಷ ರೆಗ್ಯುಲರ್ ಆಗಿ ಕಾಲೇಜಿಗೆ ಹೋಗಿ ಓದಿದ್ರ ಬಿಎಸ್ಸಿ ನರ್ಸಿಂಗ್ ಡಿಗ್ರಿ ಸಿಗ್ತೈತಿ. ಇದಾ ಪೋಸ್ಟ್ ಬೇಸಿಕ್. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ನ್ಯೂಟ್ರಿಷನ್, ಮಕ್ಕಳ ನರ್ಸಿಂಗ್, ಹೆರಿಗಿ ನರ್ಸಿಂಗ್, ಮೆಡಿಕಲ್ ಸರ್ಜಿಕಲ್, ಎರಡನೇ ವರ್ಷ ಕಮ್ಯೂನಿಟಿ, ಮೆಂಟಲ್ ಹೆಲ್ತ್, ಆಡಳಿತ, ರಿಸರ್ಚ್, ಸ್ಟ್ಯಾಟಿಸ್ಟಿಕ್ಸ್, ಇಷ್ಟೆಲ್ಲಾ ಆ ಎರಡೇ ವರ್ಷದಾಗ ಮುಗಿಸಬೇಕು, ಜೊತಿಗೆ ವಾರ್ಡ್ ಪೋಸ್ಟಿಂಗ್ ಬ್ಯಾರೆ. ಸಣ್ಣ ಕೋರ್ಸ್ ಅಲ್ಲ ಇದು.

ಈ ದಾರಿ ನಮ್ಮ ಕಡಿ ಹುಡುಗ್ಯಾರಿಗೆ ಯಾಕ ಇಷ್ಟು ಮುಖ್ಯ ಅಂದ್ರ, ಯಲಬುರ್ಗಾ, ಕುಷ್ಟಗಿ, ಕನಕಗಿರಿ, ಆ ಕಡಿ ಮಸ್ಕಿ, ಲಿಂಗಸುಗೂರು, ಈ ಕಡಿ ಸಿರುಗುಪ್ಪ ಸುತ್ತಮುತ್ತಲ ಹಳ್ಳಿಯಾಗ ಹತ್ತನೇತ್ತಿ ಪಾಸಾದ ಹುಡುಗಿ ಸೈನ್ಸ್ ಓದ್ಬೇಕಂದ್ರ ಬಸ್ ಹತ್ತಿ ದೂರ ಹೋಗ್ಬೇಕು, ಇಲ್ಲಾ ಹಾಸ್ಟೆಲ್ ಇರಬೇಕು, ಟ್ಯೂಷನ್ ಹಚ್ಚಬೇಕು. ಮನ್ಯಾಗ ಒಪ್ಪಂಗಿಲ್ಲ. ಹತ್ರ ಇರೋ ಕಾಲೇಜಿನ್ಯಾಗ ಆರ್ಟ್ಸ್ ಐತಿ, ಅದಕ್ಕ ಹಚ್ಚ್ತಾರ. ಓದೋ ಶಕ್ತಿ ಇಲ್ಲಂತ ಅಲ್ಲ ಅವ್ರು ಆರ್ಟ್ಸ್ ತಗೊಂಡಿದ್ದು. ನಾನೂ ಹಂಗ ಬಂದಾಕಿ. ಹದಿನಾರು ವರ್ಷದಾಗ ಮನಿಯೋರು ಬಸ್ಸಿನ ಖರ್ಚು ನೋಡಿ ಮಾಡಿದ ತೀರ್ಮಾನದಿಂದ ಒಬ್ಬಾಕಿ ಡಿಗ್ರಿ ಕಳ್ಕೋಬಾರ್ದು ಅಂದ್ರ ಅದಕ್ಕಿರೋ ಒಂದೇ ದಾರಿ ಈ ಪೋಸ್ಟ್ ಬೇಸಿಕ್.

ಡಿಗ್ರಿ ಇಲ್ಲದಿದ್ರ ಏನಾತು, ಕೆಲಸ ಒಂದೇ ಅಲ್ಲೇನ ಅಂತ ಕೇಳೋರು ಅದಾರ. ಕೆಲಸ ಒಂದೇ, ಬೆಲಿ ಒಂದೇ ಅಲ್ಲ. ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್ ತಗೊಳ್ಳೋ ನಾರ್ಸೆಟ್ ಪರೀಕ್ಷೆ ಐತಲ್ಲ, ಅದಕ್ಕ ಬಿಎಸ್ಸಿ ಇಲ್ಲಾ ಪೋಸ್ಟ್ ಬೇಸಿಕ್ ಆದೋರು ಓದು ಮುಗಿಸಿ ಸೀದಾ ಕೂಡಬಹುದು. ಜಿಎನ್‌ಎಂ ಆದೋರಿಗೆ ಕನಿಷ್ಠ 50 ಬೆಡ್ ಇರೋ ಆಸ್ಪತ್ರೆಯಾಗ 2 ವರ್ಷ ಅನುಭವ ಬೇಕು. ನಮ್ಮ ಊರುಗಳಾಗ ಇರೋ ನರ್ಸಿಂಗ್ ಹೋಮ್ ಎಷ್ಟು ಬೆಡ್ಡಿನವು ಅಂತ ನಿಮಗೂ ಗೊತ್ತೈತಿ, ಇಪ್ಪತ್ತು, ಮೂವತ್ತು. ಅಲ್ಲಿ ಐದು ವರ್ಷ ರಾತ್ರಿ ಪಾಳಿ ಮಾಡಿದಾಕಿಯ ಅನುಭವ ಆ ಲೆಕ್ಕಕ್ಕ ಬರಂಗೇ ಇಲ್ಲ. ಮುಂದ ಎಂಎಸ್ಸಿ ನರ್ಸಿಂಗ್ ಓದಬೇಕಂದ್ರೂ ಡಿಗ್ರಿ ಬೇಕು, ನರ್ಸಿಂಗ್ ಕಾಲೇಜಿನ್ಯಾಗ ಕಲಿಸಬೇಕಂದ್ರೂ ಡಿಗ್ರಿ ಬೇಕು. ಜಿಎನ್‌ಎಂ ಕೋರ್ಸ್ ನಿಲ್ಲಿಸ್ತಾರಂತ ಅನ್ನೋ ಮಾತು ಆಗಾಗ ಬರ್ತಾನ ಇರ್ತೈತಿ, ಆ ಮಾತು ಬಂದಾಗೆಲ್ಲಾ ನಮ್ಮಂಥೋರಿಗೆ ನಮ್ಮ ಗತಿ ಏನು ಅಂತ ಹೆದ್ರಿಕಿ.

ಸರ್ಟಿಫಿಕೇಟಿಗಷ್ಟ ಓದ್ತಾರ ಅಂತ ತಿಳ್ಕೊಬಾರ್ದು, ಅದಕ್ಕ ಒಂದು ಉದಾಹರಣಿ ಹೇಳ್ತೀನಿ. ಭತ್ತದ ನಾಡಿದು, ನಾಟಿ ಹೊತ್ತಿನ್ಯಾಗ, ಕೊಯ್ಲಿನ ಹೊತ್ತಿನ್ಯಾಗ ಹಾವು ಕಡಿದ ಕೇಸ್ ಬರ್ತಾನ ಇರ್ತಾವ. ಒಂದಿನ ನಡುರಾತ್ರಿ ಒಬ್ಬ ಅಜ್ಜನ್ನ ಕರ್ಕೊಂಡು ಬಂದ್ರು, ಗದ್ದಿಗೆ ನೀರು ಕಟ್ಟಾಕ ಹೋದಾಗ ಕಾಲಿಗೆ ಕಡಿದೈತಿ, ಕೊಳಕುಮಂಡಲ ಇರಬೇಕು ಅಂತ ಮಗ ಹೇಳಾಕತ್ತಿದ್ದ, ಕಾಲು ಮೊಣಕಾಲ ತನಕ ಊದಿತ್ತು, ಹಲ್ಲಿನ ಸಂದಿಯಾಗ ರಕ್ತ ಜಿನುಗಾಕತ್ತಿತ್ತು. ಇಂಥ ಕೇಸಿಗೆ ಮೊದಲು ಮಾಡೋ ಟೆಸ್ಟ್ ಭಾಳ ಸರಳ. ಎರಡು ಎಂಎಲ್ ರಕ್ತ ತೆಗೆದು ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನ್ಯಾಗ ಹಾಕಿ 20 ನಿಮಿಷ ಅಲುಗಾಡಿಸದಂಗ ಇಡಬೇಕು, ಆಮ್ಯಾಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟಿದ್ರ ಒಂದು ದಾರಿ, ನೀರಿನಂಗ ಹರಿದ್ರ ವಿಷ ರಕ್ತಕ್ಕ ಏರೈತಿ ಅಂತ ತಿಳ್ಕೊಂಡು ಆಂಟಿ ಸ್ನೇಕ್ ವೆನಮ್ ಶುರು ಮಾಡ್ತಾರ. ಅವತ್ತು ಹೊಸದಾಗಿ ಸೇರಿದ ಜೂನಿಯರ್ ಹುಡುಗಿ ಪ್ಲಾಸ್ಟಿಕ್ ಟ್ಯೂಬ್ ಕೈಗೆ ತಗೊಂಡ್ಲು, ಬ್ಯಾಡ ತಂಗಿ ಗಾಜಿಂದಾ ತಗೋ ಅಂದೆ. ಟ್ಯೂಬ್ ಸ್ಟ್ಯಾಂಡಿನ್ಯಾಗಿಟ್ಟು ಇಬ್ರೂ ಗಡಿಯಾರ ನೋಡ್ಕೋತ ನಿಂತಾಗ ಆಕಿ ಕೇಳಿದ್ಲು, ಅಕ್ಕಾ ಗಾಜಾ ಯಾಕ ಬೇಕು?

ನನಗ ಗಾಜು ಬೇಕು ಅಂತ ಕಲಿಸಿದ್ರು, ಯಾಕ ಅಂತ ಆಳವಾಗಿ ಓದಿಸಿರಲಿಲ್ಲ. ಡ್ಯೂಟಿ ಡಾಕ್ಟರ್ ಪುಣ್ಯಾತ್ಮರು ಆಮ್ಯಾಲೆ ಕೂಡಿಸಿ ಹೇಳಿದ್ರು, ರಕ್ತ ಗಾಜಿನ ಮೈಗೆ ತಾಗಿದಾಗ ಹೆಪ್ಪುಗಟ್ಟಿಸೋ ಅಂಶಗಳು ಒಂದರ ಹಿಂದೊಂದು ಎಚ್ಚರಾಗ್ತಾವ, ಪ್ಲಾಸ್ಟಿಕ್ಕಿನ್ಯಾಗ ಹಂಗಾಗಂಗಿಲ್ಲ, ಹಂಗಾಗಿ ಚಲೋ ರಕ್ತಾನೂ ಹೆಪ್ಪುಗಟ್ಟದ ಉಳಿದು ವಿಷ ಏರೈತಿ ಅಂತ ತಪ್ಪು ತಿಳಿಬಹುದು ಅಂತ. ಸೋಪಿನ ನೀರಿನ್ಯಾಗ ತೊಳೆದ ಟ್ಯೂಬ್ ಬ್ಯಾಡ ಅನ್ನೋದೂ ಅದಕ್ಕ. ಅವತ್ತು ಟ್ಯೂಬ್ ವಾಲಿಸಿದ್ರ ರಕ್ತ ನೀರಿನಂಗ ಹರೀತು, ಔಷಧ ಶುರು ಮಾಡಿದ್ವಿ, ರಿಯಾಕ್ಷನ್ ಬರ್ತೈತೇನೋ ಅಂತ ಪಕ್ಕದಾಗ ಅಡ್ರಿನಲಿನ್ ತುಂಬಿಟ್ಕೊಂಡು ಬಿಪಿ ನೋಡ್ಕೋತ ಕುಂತ್ವಿ, ಆರು ತಾಸು ಬಿಟ್ಟು ಮತ್ತ ಅದಾ ಟೆಸ್ಟ್. ಅಜ್ಜ ಉಳಕೊಂಡ, ಡಿಸ್ಚಾರ್ಜ್ ಆಗಿ ಮನಿಗೆ ಹೋದ. ನಾ ಓದಬೇಕು ಅಂತ ಗಟ್ಟಿ ಮಾಡ್ಕೊಂಡಿದ್ದು ಆ ಹುಡುಗಿ ಕೇಳಿದ ಪ್ರಶ್ನೆಯಿಂದ. ಜೂನಿಯರ್ ಕೇಳಿದ್ದಕ್ಕ ಉತ್ತರ ಕೊಡಾಕ ಬರಬೇಕು, ಡಾಕ್ಟರ್ ಬರೋ ತನಕ ರೋಗಿ ಹತ್ರ ಇರಾಕಿ ನಾನಾ ಅಲ್ಲೇನ್ರಿ.

ಈಗ ಕಾಯೋ ವಿಷಯಕ್ಕ ಬರ್ತೀನಿ. ಪಿಯುಸಿ ಮುಗಿಸಿ ಸಿಇಟಿ ಬರದ ಹುಡುಗ್ರು ಕಾಯೋದಕ್ಕೂ ನಾವು ಕಾಯೋದಕ್ಕೂ ವ್ಯತ್ಯಾಸ ಐತಿ. ಅವ್ರಿಗೂ ಕಷ್ಟ ಇಲ್ಲ ಅಂತ ಹೇಳಂಗಿಲ್ಲ, ಆದ್ರ ಅವ್ರು ಮನ್ಯಾಗ ಕಾಯ್ತಾರ. ನಾವು ಡ್ಯೂಟಿ ಮೇಲಿದ್ದು ಕಾಯ್ತೀವಿ. ಬಿಡಬೇಕಂದ್ರ ಆಸ್ಪತ್ರಿಗೆ ಒಂದು ತಿಂಗಳು ಮೊದಲಾ ನೋಟಿಸ್ ಕೊಡಬೇಕು. ಈಗ್ಲೇ ಕೊಟ್ಟು ಸೀಟ್ ಸಿಗಲಿಲ್ಲ ಅಂದ್ರ ಕೆಲಸಾನೂ ಹೋತು, ಸೀಟೂ ಇಲ್ಲ. ಕೊಡದ ಕುಂತು, ಲಿಸ್ಟ್ ಬಂದು, ನಾಕು ದಿನದಾಗ ಬಂದು ಸೇರ್ಕೋರಿ ಇಲ್ಲಾಂದ್ರ ಸೀಟ್ ಮುಂದಿನೋರಿಗೆ ಹೋಗ್ತೈತಿ ಅಂದ್ರ, ಆಸ್ಪತ್ರಿಯೋರು ತಿಂಗಳ ಪಗಾರ ಹಿಡಿದು ಬಿಡ್ತಾರ, ಅನುಭವದ ಸರ್ಟಿಫಿಕೇಟ್ ಕೊಡಾಕ ಸತಾಯಿಸ್ತಾರ. ಅದಕ್ಕಿಂತ ದೊಡ್ಡದು ಒರಿಜಿನಲ್ ಮಾರ್ಕ್ಸ್ ಕಾರ್ಡ್. ಕೆಲಸಕ್ಕ ಸೇರುವಾಗ ಒರಿಜಿನಲ್ ಇಸ್ಕೊಂಡು ಬೀರುದಾಗ ಇಟ್ಕೊಳ್ಳೋ ಪ್ರೈವೇಟ್ ಆಸ್ಪತ್ರೆಗಳು ಅದಾವ, ಈ ಕೆಲಸದಾಗಿರೋ ಯಾರನ್ನ ಕೇಳಿದ್ರೂ ಹೇಳ್ತಾರ. ವೆರಿಫಿಕೇಷನ್ನಿಗೆ ಅಂತ ನಾನು ಕೇಳ್ಕೊಂಡು ಒಯ್ದು ತೋರಿಸಿ ಮತ್ತ ತಂದು ಕೊಡಬೇಕಾತು. ಯಾರ ಮಾರ್ಕ್ಸ್ ಕಾರ್ಡನ್ನ ಯಾರೂ ಹಿಂಗ ಒತ್ತೆ ಇಟ್ಕೋಬಾರ್ದು, ಅದು ಬ್ಯಾರೆನಾ ಒಂದು ಪತ್ರಕ್ಕ ಆಗೋವಷ್ಟು ವಿಷಯ ಐತಿ, ಇಲ್ಲಿಗೆ ಬಿಡ್ತೀನಿ.

ಸರ್ಕಾರದಾಗ ಪರ್ಮನೆಂಟ್ ಇದ್ದೋರಿಗೆ ಡೆಪ್ಯುಟೇಷನ್ ಮೇಲೆ ಹೋಗಿ ಓದಿ ಬರೋ ಅವಕಾಶ ಐತಿ, ಒಳ್ಳೇದಾ ಅದು. ಕಾಂಟ್ರಾಕ್ಟ್ ಮೇಲಿದ್ದೋರಿಗೆ, ಪ್ರೈವೇಟ್‌ನ್ಯಾಗ ಇದ್ದೋರಿಗೆ ಅಂಥದ್ದೇನೂ ಇಲ್ಲ. ಎರಡು ವರ್ಷ ಪಗಾರ ಇಲ್ಲದ ಇರಾಕ ರೊಕ್ಕ ಕೂಡಿಡಬೇಕು, ಫೀ, ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ, ಮನಿಗೆ ಕಳಿಸೋದು ನಿಂತೋದ್ರ ಅಲ್ಲೇನು ಮಾಡಬೇಕು ಅನ್ನೋದು. ನನ್ನ ಜೊತಿ ಅರ್ಜಿ ಹಾಕಿದ ಕುಷ್ಟಗಿ ಕಡಿ ಒಬ್ಬ ಅಕ್ಕ ಅದಾರ, ಸಣ್ಣ ಮಗಳದಾಳ ಅವ್ರಿಗೆ. ಮಗಳನ್ನ ತವರುಮನಿ ಊರಾಗ ಸಾಲಿಗೆ ಹಚ್ಚಬೇಕೋ ಇಲ್ಲೇ ಮುಂದುವರಿಸಬೇಕೋ ತಿಳಿಯದ ಒದ್ದಾಡಾಕತ್ತಾರ. ಸಾಲಿ ಶುರುವಾಗಿ ಎಷ್ಟೋ ದಿನ ಆದಮ್ಯಾಲೆ ಲಿಸ್ಟ್ ಬಂದ್ರ ಆ ಮಗುನ್ನ ಅರ್ಧಕ್ಕ ಬಿಡಿಸಬೇಕು. ಒಂದು ಲಿಸ್ಟ್ ತಡ ಆದ್ರ ಅದರ ಹಿಂದ ಇಂಥ ಎಷ್ಟು ಮನಿ ಅದಾವ ಅಂತ ಆ ಕಚೇರಿಯಾಗ ಕುಂತೋರು ಒಮ್ಮೆ ನೆನಸ್ಕೋಬೇಕು.

ಇನ್ನ ಇದರಾಗ ಲಾಭ ಮಾಡ್ಕೊಳ್ಳೋರು ಬ್ಯಾರೆ ಅದಾರ. ನಾವು ಅರ್ಜಿ ಹಾಕಿದ್ದು ಹೆಂಗ ಗೊತ್ತಾಗ್ತೈತೋ ಗೊತ್ತಿಲ್ಲ, ದಿನಾ ಫೋನ್ ಬರ್ತಾವ. ಮೇಡಂ ಸರ್ಕಾರಿ ಲಿಸ್ಟ್ ಕಾಯ್ಬ್ಯಾಡ್ರಿ, ಈ ವರ್ಷ ಬರಂಗೇ ಇಲ್ಲ, ನಮ್ಮ ಕಾಲೇಜಿನ್ಯಾಗ ಮ್ಯಾನೇಜ್ಮೆಂಟ್ ಸೀಟ್ ಐತಿ, ಕ್ಲಾಸಿಗೆ ಬರೋದು ಬ್ಯಾಡ, ಪರೀಕ್ಷೆಗೆ ಅಷ್ಟ ಬರ್ರಿ, ಕೆಲಸ ಬಿಡೋದೂ ಬ್ಯಾಡ, ಇವತ್ತ ಅಡ್ವಾನ್ಸ್ ಹಾಕಿದ್ರ ಡಿಸ್ಕೌಂಟ್. ಹಿಂಗಂತ ನಯವಾಗಿ ಹೇಳ್ತಾರ. ನರ್ಸಿಂಗ್ ಅಂದ್ರ ಕ್ಲಾಸಿಗೆ ಹೋಗದ, ವಾರ್ಡಿನ್ಯಾಗ ನಿಲ್ಲದ ಕಲಿಯೋ ವಿದ್ಯೆನಾ? ಹಾಜರಾತಿ ಇಲ್ಲದ ಬಂದ ಡಿಗ್ರಿ ತಗೊಂಡು ನಾ ಯಾರ ಮಗುವಿಗೆ ಡೋಸ್ ಲೆಕ್ಕ ಹಾಕ್ಲಿ? ಆದ್ರೂ ಎಷ್ಟೋ ಮಂದಿ ಕಾಯಾಕ ಆಗದ ರೊಕ್ಕ ಹಾಕಿಬಿಡ್ತಾರ, ಅವ್ರನ್ನ ನಾ ಬೈಯಂಗಿಲ್ಲ. ಲಿಸ್ಟ್ ಒಂದೊಂದು ದಿನ ತಡ ಆದಂಗೂ ಈ ಬ್ರೋಕರ್‌ಗಳ ಮಾತಿಗೆ ಬೆಲಿ ಬರ್ತೈತಿ. ತಾರೀಖು ಗೊತ್ತಿದ್ರ ಯಾರೂ ಅವ್ರ ಫೋನ್ ಎತ್ತಂಗಿಲ್ಲ. ಕಾಲೇಜಿಗೆ ಮಾನ್ಯತೆ ಐತೋ ಇಲ್ಲೋ ಅಂತ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಾಗ, ನರ್ಸಿಂಗ್ ಕೌನ್ಸಿಲ್ ಪಟ್ಟಿಯಾಗ ನೋಡದ ಯಾರೂ ಒಂದು ರೂಪಾಯಿನೂ ಹಾಕಬ್ಯಾಡ್ರಿ ಅಂತ ಈ ಪತ್ರ ಓದೋ ನನ್ನ ತಂಗ್ಯಾರಿಗೆ ಕೈಮುಗಿದು ಹೇಳ್ತೀನಿ.

ನಮ್ಮಪ್ಪ ರೈತ, ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ಮ್ಯಾಲೆ ನಮ್ಮ ಬದುಕು. 2024ರ ಆಗಸ್ಟಿನ್ಯಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಊರಿಗೆ ಊರಾ ನಿದ್ದಿ ಮಾಡಿಲ್ಲ. ಅಂಥ ಹೊತ್ತಿನ್ಯಾಗೂ ನೀರಾವರಿ ಸಲಹಾ ಸಮಿತಿ, ನಾವು ಐಸಿಸಿ ಅಂತೀವಲ್ಲ, ಆ ಸಭೆ ಕೂಡಿ ಯಾವ ಕಾಲುವಿಗೆ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಎಷ್ಟು ಕ್ಯೂಸೆಕ್ ಅಂತ ಹೇಳ್ತಾರ, ಅದು ನಿಮ್ಮ ಪೇಪರಿನ್ಯಾಗೂ ಬರ್ತೈತಿ. ಅದನ್ನ ನೋಡಿ ಅಪ್ಪ ಸಸಿ ಮಡಿ ಹಾಕಬೇಕೋ ಬ್ಯಾಡೋ, ಯಾವ ಬೀಜ ತರಬೇಕು ಅಂತ ತೀರ್ಮಾನ ಮಾಡ್ತಾರ. ನೀರು ಕಡಿಮಿ ಕೊಟ್ರೂ ನಡೀತೈತಿ, ಯಾವಾಗ ಅಂತ ಗೊತ್ತಿದ್ರ ಏನಾರ ಒಂದು ಬೆಳಿ ಹಾಕ್ಕೊಂಡು ಬದುಕ್ತಾರ. ಮಳಿ ನಂಬಿರೋ ಡ್ಯಾಮಿನ ನೀರಿಗೇ ಮುಂಚಿತ ತಾರೀಖು ಹೇಳಾಕ ಬರ್ತೈತಿ ಅಂದ್ರ, ಎಷ್ಟು ಅರ್ಜಿ ಬಂದಾವ ಎಷ್ಟು ಸೀಟ್ ಅದಾವ ಅಂತ ಎಲ್ಲಾ ಕಂಪ್ಯೂಟರಿನ್ಯಾಗ ಇಟ್ಕೊಂಡು ಕುಂತೋರಿಗೆ ಒಂದು ಲಿಸ್ಟಿನ ತಾರೀಖು ಹೇಳಾಕ ಬರಂಗಿಲ್ಲ ಅಂದ್ರ ಹೆಂಗ ನಂಬೋದ್ರಿ?

ನಮ್ಮ ಭಾಗಕ್ಕ 371(ಜೆ) ಐತಿ. 2012ರಾಗ 98ನೇ ತಿದ್ದುಪಡಿ ಮಾಡಿ ಸಂವಿಧಾನದಾಗ ಸೇರಿಸಿದ್ದು, ಅದರ ಹಿಂದ ದೊಡ್ಡ ಹೋರಾಟ ಐತಿ. ಅದರಂಗ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಾಗ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯದ ಉಳಿದ ಕಡಿ ಶೇ 8ರಷ್ಟು ಸೀಟ್ ಮೀಸಲು. ಎಸಿ ಆಫೀಸಿನಿಂದ ಆ ಸರ್ಟಿಫಿಕೇಟ್ ತರಾಕ ಎಷ್ಟು ದಾಖಲೆ ಜೋಡಿಸಬೇಕು ಅಂತ ತಂದೋರಿಗೆ ಗೊತ್ತು, ಶಾಲಾ ವ್ಯಾಸಂಗ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಅಪ್ಪಂದು, ಅವ್ವಂದು. ಅದನ್ನೆಲ್ಲಾ ಮಾಡಿ ಕೊಟ್ಟೀವಿ. ಸೀಟ್ ಹಂಚಿಕಿ ತಡ ಆಗಿ ಕಡೀ ಗಳಿಗಿಯಾಗ ಲಿಸ್ಟ್ ಬಿಟ್ರ ಈ ಮೀಸಲಾತಿಗೆ ಏನು ಅರ್ಥ ಉಳೀತೈತಿ? ನೋಟಿಸ್ ಪೀರಿಯಡ್ ಮುಗಿಸಾಕ ಆಗದ, ರೊಕ್ಕ ಹೊಂದಿಸಾಕ ಆಗದ ನಮ್ಮ ಹುಡುಗ್ಯಾರು ಸೀಟ್ ಬಿಟ್ಟು ಬಿಡ್ತಾರ, ಆ ಸೀಟ್ ಖಾಲಿ ಉಳೀತಾವ ಇಲ್ಲಾ ಬ್ಯಾರೆಯೋರಿಗೆ ಹೋಗ್ತಾವ. ಕಾಗದದ ಮ್ಯಾಲೆ ಹಕ್ಕು ಕೊಟ್ಟು ವೇಳೆ ಕೊಡಲಿಲ್ಲ ಅಂದ್ರ ಅದು ನಮ್ಮ ಕೈಗೆ ಬಂದಂಗ ಆಗಂಗಿಲ್ಲ.

ಬಳ್ಳಾರಿಯಾಗ 1961ರಿಂದ ಸರ್ಕಾರಿ ಮೆಡಿಕಲ್ ಕಾಲೇಜ್ ಐತಿ, ರಾಯಚೂರಿನ್ಯಾಗ ರಿಮ್ಸ್ ಐತಿ, ಕೊಪ್ಪಳದಾಗ ಕಿಮ್ಸ್ ಐತಿ. ಮೂರೂ ಜಿಲ್ಲೆಯಾಗ ದೊಡ್ಡ ಆಸ್ಪತ್ರಿ, ಕಲಿಯಾಕ ಬೇಕಾದಷ್ಟು ರೋಗಿಗಳು, ಕಲಿಸೋ ಡಾಕ್ಟರ್‌ಗಳು. ಕೇಂದ್ರ ಸರ್ಕಾರ 2023ರಾಗ ಹೊಸ ಮೆಡಿಕಲ್ ಕಾಲೇಜುಗಳ ಜೊತಿಗೆ ದೇಶದಾಗ 157 ನರ್ಸಿಂಗ್ ಕಾಲೇಜು ತೆರಿಯಾಕ ಒಪ್ಪಿಗಿ ಕೊಡ್ತು. ಚಲೋ ಸುದ್ದಿ, ಆದ್ರ ಅವು ಬಿಎಸ್ಸಿ ಸೀಟಿಗೆ ಅಂತ ಮಾಡಿದ್ದು. ಈಗಾಗ್ಲೇ ಕೆಲಸದಾಗ ಇರೋ ಜಿಎನ್‌ಎಂ ನರ್ಸ್‌ಗಳಿಗೆ ಹತ್ರದಾಗ ಸರ್ಕಾರಿ ಫೀನ್ಯಾಗ ಪೋಸ್ಟ್ ಬೇಸಿಕ್ ಓದಾಕ ಸಾಕಷ್ಟು ಸೀಟ್ ಇದ್ರ ಯಾರೂ ಬೆಂಗಳೂರಿಗೆ ಗಂಟು ಕಟ್ಟಂಗಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಧರಣಿ ಕುಂತೋರು ಅದಾರ, ಅವ್ರಿಗೆ ನನ್ನ ಪೂರ್ತಿ ಬೆಂಬಲ. ಅದು ಬಂದ ದಿನ ಅದರಾಗ ನರ್ಸಿಂಗ್ ಆಫೀಸರ್ ಆಗಿ ಕೆಲಸ ಮಾಡೋರು ನಮ್ಮ ಜಿಲ್ಲೆ ಹುಡುಗ್ಯಾರು ಇರಬೇಕೋ ಬ್ಯಾಡೋ? ಇರಬೇಕು ಅಂದ್ರ ಈಗಿಂದ್ಲೇ ಅವ್ರ ಕೈಯಾಗ ಡಿಗ್ರಿ ಇರಬೇಕು.

ಇನ್ನೊಂದು ಮಾತು. ನಮ್ಮ ದೊಡ್ಡಪ್ಪನ ಮಗಳು ಜುವಾಲಜಿ ತಗೊಂಡು ಬಿಎಸ್ಸಿ ಮುಗಿಸ್ಯಾಳ, ಈಗ ಮೊಬೈಲ್ ಅಂಗಡಿಯಾಗ ಬಿಲ್ ಬರೀತಾಳ. ನಾನೂ ನರ್ಸ್ ಆಗ್ಲಾ ಅಕ್ಕಾ ಅಂತ ಕೇಳಿದ್ಲು. ಆಗಬಹುದು, ಆದ್ರ ಮೊದಲಿನಿಂದ 4 ವರ್ಷ ಕೂಡಬೇಕು, ಓದಿದ ಮೂರು ವರ್ಷಕ್ಕ ಒಂದು ಪೇಪರಿನ ರಿಯಾಯಿತಿನೂ ಇಲ್ಲ. ಅಮೆರಿಕಾದಾಗ ಬ್ಯಾರೆ ವಿಷಯದಾಗ ಡಿಗ್ರಿ ಆದೋರಿಗೆ ಅಂತಾನಾ ಆಕ್ಸಲರೇಟೆಡ್ ನರ್ಸಿಂಗ್ ಡಿಗ್ರಿ ಅಂತ ಐತಿ. ಸೇಂಟ್ ಲೂಯಿಸ್ ಯೂನಿವರ್ಸಿಟಿ 1971ರಾಗ ಶುರು ಮಾಡ್ತು, ಈಗ ಭಾಳ ಕಡಿ ಅದಾವ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಇಂಥವನ್ನ ಮೊದಲಾ ಪಾಸ್ ಮಾಡ್ಕೊಂಡು ಬರಬೇಕು, ಆಮ್ಯಾಲೆ ಸುಮಾರು 12ರಿಂದ 18 ತಿಂಗಳು ರಜೆ ಇಲ್ಲದಂಗ ಓದು ಮತ್ತ ಕ್ಲಿನಿಕಲ್, ಅದಾದಮ್ಯಾಲೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದ್ರ ಲೈಸೆನ್ಸ್. ಅಲ್ಲಿ ಮಾಡಿದ್ದು ಎಲ್ಲಾ ಇಲ್ಲಿಗೆ ಹೊಂದತೈತಿ ಅಂತ ನಾ ಹೇಳಾಕತ್ತಿಲ್ಲ. ನರ್ಸ್‌ಗಳು ಸಾಕಾಗವಲ್ರು ಅಂತ ಎಲ್ಲಾರೂ ಹೇಳ್ತಾರ, ನರ್ಸಿಂಗ್ ಕೌನ್ಸಿಲ್ ನಿಯಮದಂಗ ಸಾಮಾನ್ಯ ವಾರ್ಡಿನ್ಯಾಗ 5 ರೋಗಿಗೆ, ಟೀಚಿಂಗ್ ಆಸ್ಪತ್ರೆಯಾಗ 3 ರೋಗಿಗೆ ಒಬ್ಬ ನರ್ಸ್ ಇರಬೇಕು, ಒಬ್ಬಾಕಿ ಇಡೀ ವಾರ್ಡ್ ನೋಡೋ ರಾತ್ರಿಗಳನ್ನ ನಾ ಕಂಡೀನಿ. ಓದಿದ ಮಕ್ಕಳು ಈ ಕಡಿ ಬರ್ತೀನಿ ಅಂದಾಗ ಅವ್ರು ಮೊದಲು ಕಲ್ತಿದ್ದನ್ನ ಲೆಕ್ಕಕ್ಕ ತಗೊಳ್ಳೋ ದಾರಿ ಒಂದನ್ನ ಇಲ್ಲಿಯೋರೂ ಯೋಚನೆ ಮಾಡಬೇಕು. 2023ರಾಗ ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಬಂದೈತಿ, 1947ರ ಹಳೇ ಕಾಯ್ದೆ ಬದಲಿಗೆ. ಆ ಆಯೋಗದೋರು ಮಾಡಬೇಕಾದ ಕೆಲಸ ಇದು.

ಅದು ದೊಡ್ಡೋರ ಕೆಲಸ, ಆಗಾಕ ವೇಳೆ ಹಿಡೀತೈತಿ. ನಾ ಕೇಳೋದು ಇವತ್ತಾ ಆಗೋವಂಥದ್ದು. ಅರ್ಜಿ ಕರೆಯೋ ದಿನಾನಾ ವೆರಿಫಿಕೇಷನ್ ಯಾವಾಗ, ಮೊದಲನೇ ಲಿಸ್ಟ್ ಯಾವಾಗ, ಎರಡನೇದು ಯಾವಾಗ, ಕ್ಲಾಸ್ ಶುರು ಯಾವಾಗ ಅಂತ ತಾರೀಖು ಹಾಕಿ ಒಂದೇ ಪ್ರಕಟಣೆಯಾಗ ಹೇಳಬೇಕು. ಏನೋ ಕೋರ್ಟ್ ಕೇಸು, ಸೀಟ್ ಹೆಚ್ಚು ಕಡಿಮಿ ಅಂತ ಮುಂದಕ್ಕ ಹೋತು ಅಂದ್ರ, ಹೋಗ್ಲಿ, ಯಾಕ ಹೋತು, ಹೊಸ ತಾರೀಖು ಯಾವುದು ಅಂತ ಎರಡು ಸಾಲು ಬರೀರಿ. ಲಿಸ್ಟ್ ಬಂದಮ್ಯಾಲೆ ಸೇರ್ಕೊಳ್ಳಾಕ ಕೆಲಸದಾಗಿರೋರಿಗೆ ಕನಿಷ್ಠ ಒಂದು ತಿಂಗಳು ಕೊಡ್ರಿ, ನೋಟಿಸ್ ಪೀರಿಯಡ್ ಅಷ್ಟಾ ಇರ್ತೈತಿ. ಈ ಕೋರ್ಸಿಗೆ ಬರೋರೆಲ್ಲಾ ರಿಜಿಸ್ಟರ್ಡ್ ನರ್ಸ್‌ಗಳು, ಹೆಚ್ಚಿನೋರು ದುಡಿಯೋರು ಅಂತ ಗೊತ್ತಿದ್ದೂ ಪಿಯುಸಿ ಹುಡುಗ್ರ ಲೆಕ್ಕದಾಗ ನಾಕು ದಿನ ಗಡುವು ಹಾಕೋದು ಸರಿ ಅಲ್ಲ. ಫೋನ್ ಎತ್ತೋರಿಗೂ ನಾ ಬೈಯಾಕತ್ತಿಲ್ಲ, ಅವ್ರಿಗೂ ಮ್ಯಾಲಿನೋರು ಹೇಳಿರಂಗಿಲ್ಲ, ದಿನಾ ನೂರು ಮಂದಿ ಅದಾ ಪ್ರಶ್ನೆ ಕೇಳಿದ್ರ ಯಾರಿಗಾದ್ರೂ ಬ್ಯಾಸರ ಬರ್ತೈತಿ. ತಾರೀಖು ಹಾಕಿಬಿಟ್ರ ಅವ್ರ ಫೋನೂ ಸುಮ್ಮನಾಗ್ತೈತಿ.

ಸೀಟ್ ಕೊಡ್ರಿ ಅಂತ ನಾ ಶಿಫಾರಸು ಕೇಳಾಕತ್ತಿಲ್ಲ ರೀ. ಮೆರಿಟ್ ಪ್ರಕಾರ ಬಂದ್ರ ಬರ್ಲಿ, ಬರಲಿಲ್ಲ ಅಂದ್ರ ಮುಂದಿನ ವರ್ಷ ಮತ್ತ ಹಾಕ್ತೀನಿ. ಹೌದೋ ಅಲ್ಲೋ ಅನ್ನೋದನ್ನ ಹೇಳೋ ದಿನ ಯಾವುದು ಅಂತಷ್ಟಾ ಗೊತ್ತಾಗಬೇಕು.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಪತ್ರ ಉದ್ದ ಆಗೈತಿ, ಕತ್ತರಿಸಬೇಕಂದ್ರ ಕತ್ತರಿಸ್ರಿ, ಆದ್ರ ಬ್ರೋಕರ್ ಬಗ್ಗೆ ಬರೆದಿದ್ದು ಮತ್ತ ಕಡೀಗೆ ಕೇಳಿದ್ದು ಮಾತ್ರ ಬಿಡಬ್ಯಾಡ್ರಿ. ಆಮ್ಯಾಲೆ ನಿಮ್ಮ ವರದಿಗಾರರು ಯಾರಾದ್ರೂ ಒಬ್ರು ಪ್ರವೇಶ ಪ್ರಕ್ರಿಯೆ ನೋಡ್ಕೊಳ್ಳೋ ಅಧಿಕಾರಿಗಳಿಗೆ ಫೋನ್ ಮಾಡಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮೊದಲನೇ ಲಿಸ್ಟ್ ಯಾವ ತಾರೀಖಿಗೆ ಅಂತ ಕೇಳಿ ಜಿಲ್ಲಾ ಪುಟದಾಗ ನಾಕು ಸಾಲು ಹಾಕ್ರಿ. ನಮಗ ಹೇಳದೋರು ಪೇಪರಿನೋರು ಕೇಳಿದ್ರ ಹೇಳಬಹುದು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡಿ ಆವೃತ್ತಿಯಾಗ ಬಂದ್ರ ಇನ್ನೂ ಚಲೋ, ಕಾಯೋರು ಮೂರೂ ಜಿಲ್ಲೆಯಾಗ ಅದೀವಿ.

ಕೆಲಸದಾಗ ಇರೋದ್ರಿಂದ ಹೆಸರು ಹಾಕಬ್ಯಾಡ್ರಿ.

ಇಂತಿ,
ಒಬ್ಬ ಸ್ಟಾಫ್ ನರ್ಸ್
ಗಂಗಾವತಿ, ಕೊಪ್ಪಳ ಜಿಲ್ಲೆ